ಮಾವ ಹೇಳದೆ ಬಿಟ್ಟ ಅಲರ್ಟ್

ಮದುವೆಯಾಗಿ ಅರಸೀಕೆರೆಗೆ ಬಂದಾಗ ನನಗೆ ಇಸ್ಪೀಟಿನ ಎಲೆ ಹಿಡಿಯಲೂ ಬರುತ್ತಿರಲಿಲ್ಲ. ಕಲಿಸಿದವರು ನಮ್ಮ ಮಾವ. ಕೊಬ್ಬರಿ ಮಂಡಿ ನಡೆಸುವ ಅವರು ಭಾನುವಾರ ಬಂತೆಂದರೆ ಸ್ಟೇಷನ್ ಹತ್ತಿರದ ಕ್ಲಬ್ಬಿಗೆ ಬ್ರಿಡ್ಜ್ ಆಡಲು ಹೊರಟುಬಿಡುತ್ತಿದ್ದರು. ಬಾಣಾವರದ ಒಬ್ಬ ನಿವೃತ್ತ ಸ್ಟೇಷನ್ ಮಾಸ್ಟರ್ ಅವರ ಜೊತೆಗಾರ. ಆ ಹಿರಿಯರಿಗೆ ಕಣ್ಣು ಮಂಜಾಗಿ ಎಲೆ ಕಾಣದಂತಾದಾಗ ಮಾವ ಕೆಲವು ವಾರ ಮನೆಯಲ್ಲೇ ಚಡಪಡಿಸಿದರು. ಕೊನೆಗೆ ನನ್ನನ್ನು ಎದುರಿಗೆ ಕೂರಿಸಿಕೊಂಡರು. ದುಡ್ಡಿಟ್ಟು ಆಡುವ ಆಟ ಇದಲ್ಲ ಎಂದು ಎಷ್ಟು ಹೇಳಿದರೂ ಅತ್ತೆಗೆ ಸಮಾಧಾನವಾಗಲಿಲ್ಲ. ಸೊಸೆ ಎಲೆ ಹಿಡಿದು ಗಂಡಸರ ನಡುವೆ ಕೂರುವುದು ಅವರ ಕಣ್ಣಿಗೆ ಒಗ್ಗಲೇ ಇಲ್ಲ.

ಬ್ರಿಡ್ಜ್ ಆಡುವವರು ನಾಲ್ವರು, ಎದುರುಬದುರು ಕೂತವರು ಜೋಡಿ. ಎಲೆ ಇಳಿಸುವ ಮೊದಲು ಸರದಿಯಂತೆ ಬಿಡ್ ಕೂಗಬೇಕು. ಜೋಡಿಗಳು ತಮ್ಮ ಕೈಯಲ್ಲೇನಿದೆ ಎಂದು ಒಬ್ಬರಿಗೊಬ್ಬರು ತಿಳಿಸುವುದು ಈ ಬಿಡ್ಡುಗಳಿಂದಲೇ. ಕೆಲವು ಬಿಡ್ಡುಗಳಿಗೆ ಮೇಲ್ನೋಟದ ಅರ್ಥ ಒಂದು, ಜೋಡಿ ಮಾಡಿಕೊಂಡ ಒಪ್ಪಂದದ ಅರ್ಥ ಇನ್ನೊಂದು. ಅಂಥ ಬಿಡ್ ಬಂದಾಗ ಎದುರಿಗಿರುವ ಜೊತೆಗಾರ ಕೂಡಲೇ ‘ಅಲರ್ಟ್’ ಎನ್ನಬೇಕು. ಎದುರಾಳಿ ಕೇಳಿದರೆ ಒಪ್ಪಂದವನ್ನು ಪೂರ್ತಿ ಬಿಡಿಸಿ ಹೇಳಬೇಕು. ಮಂಡಿಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸಿ ಬೆಳೆದ ಮಾವನಿಗೆ ಮೊದಮೊದಲು ಇದು ಸೇರಿರಲಿಲ್ಲವಂತೆ. ಎಲೆಯನ್ನು ಮುಚ್ಚಿಡಬಹುದು, ಮಾತಿನ ಅರ್ಥವನ್ನು ಮುಚ್ಚಿಡುವಂತಿಲ್ಲ ಎಂದು ಸ್ಟೇಷನ್ ಮಾಸ್ಟರ್ ತಿದ್ದಿದ್ದರಂತೆ. ನನಗೆ ಕಲಿಸುವ ಹೊತ್ತಿಗೆ ಈ ವಿಷಯದಲ್ಲಿ ಮಾವ ಅವರಿಗಿಂತ ಬಿಗಿಯಾಗಿದ್ದರು.

ಬೇಲೂರಿನ ಪಂದ್ಯಕ್ಕೆ ಕೆಲವು ದಿನ ಮುಂಚೆ ನಾನೊಂದು ಹೊಸ ಒಪ್ಪಂದ ಮಾಡಿಕೊಳ್ಳೋಣ ಎಂದೆ. ಮಾವ ‘ಒಂದು ನೋ ಟ್ರಂಪ್’, ಅಂದರೆ ತುರುಪಿಲ್ಲದ ಆಟ, ಎಂದು ಶುರುಮಾಡಿ, ನಾನು ‘ಎರಡು ಡೈಮನ್’ ಎಂದರೆ, ನನ್ನ ಹತ್ತಿರ ಡೈಮನ್ ಇದೆಯೆಂದಲ್ಲ. ಆಟೀನು, ಅಂದರೆ ಹಾರ್ಟ್, ಐದಿವೆ, ನೀವು ಆಟೀನು ಕೂಗಿ ಎಂದರ್ಥ. ಊಟವಾದ ಮೇಲೆ ಹಜಾರದಲ್ಲಿ ಕೂತು ಎಲೆ ಹಂಚಿ ಅಭ್ಯಾಸವನ್ನೂ ಮಾಡಿದೆವು. ಮಾವ ಒಪ್ಪಿದ್ದರು.

ಬೇಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ಆಟ. ಮಧ್ಯಾಹ್ನದವರೆಗೆ ನಮ್ಮ ಕೈ ಚೆನ್ನಾಗಿ ನಡೆಯಿತು. ಕೊನೆಯ ಸುತ್ತಿಗೆ ನಮ್ಮ ಮೇಜಿಗೆ ಬಂದವರು ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿ ಮತ್ತು ಹಾಸನದ ಒಬ್ಬ ಲೆಕ್ಚರರ್. ವ್ಯಾಪಾರಿಗೂ ಮಾವನಿಗೂ ಮಂಡಿಯಲ್ಲಿ ಹಳೆಯ ಪೈಪೋಟಿ. ನಗುನಗುತ್ತಲೇ ಚುಚ್ಚುವ ಮನುಷ್ಯ ಆತ. ಮಾವನ ಬೆನ್ನು ನೆಟ್ಟಗಾದದ್ದು ನನಗೆ ಕಂಡಿತು.

ಪಂದ್ಯದಲ್ಲಿ ಬಿಡ್ಡನ್ನು ಬಾಯಲ್ಲಿ ಕೂಗುವ ಬದಲು ಅದನ್ನು ಬರೆದ ಚೀಟಿ ಇಡಬೇಕು. ಮಾವ ‘ಒಂದು ನೋ ಟ್ರಂಪ್’ ಚೀಟಿ ಇಟ್ಟರು. ಲೆಕ್ಚರರ್ ಪಾಸ್ ಎಂದರು. ನನ್ನ ಕೈಯಲ್ಲಿ ಐದು ಆಟೀನು, ಎರಡೇ ಎರಡು ಸಣ್ಣ ಡೈಮನ್. ‘ಎರಡು ಡೈಮನ್’ ಚೀಟಿ ತೆಗೆದು ಮೇಜಿನ ಮೇಲಿಟ್ಟು ಕಾದೆ.

ಮಾವ ಅಲರ್ಟ್ ಎನ್ನಲಿಲ್ಲ.

ವ್ಯಾಪಾರಿ ಒಂದು ಕ್ಷಣ ತಡೆದು, ಈ ಬಿಡ್ಡಿಗೆ ಬೇರೆ ಅರ್ಥವೇನಾದರೂ ಇದೆಯೇ ಎಂದು ಮಾವನನ್ನು ಕೇಳಿದರು.

“ಏನಿಲ್ಲ. ಅವಳ ಹತ್ರ ಡೈಮನ್ ಐತೆ, ಅಷ್ಟೇ,” ಎಂದರು ಮಾವ.

ಒಪ್ಪಂದ ಅವರಿಗೆ ಮರೆತೇಹೋಗಿತ್ತು. ಆದರೆ ಆಗ ನಾನು ಬಾಯಿ ಬಿಡುವಂತಿಲ್ಲ. ಬಿಡ್ಡಿಂಗ್ ಮುಗಿಯುವ ತನಕ ಜೊತೆಗಾರನ ತಪ್ಪು ವಿವರಣೆಯನ್ನು ತಿದ್ದಬಾರದು. ಹುಬ್ಬು ಏರಿಸಬಾರದು, ಕೆಮ್ಮಬಾರದು, ಕೂತಲ್ಲಿ ಕದಲಲೂಬಾರದು. ಅದರಿಂದ ಅವರಿಗೆ ನೆನಪಾಗಿಬಿಟ್ಟರೆ ಅದು ಕಳ್ಳಾಟ. ನಾನು ಎಲೆಗಳ ಮೇಲೆ ಕಣ್ಣು ನೆಟ್ಟೆ. ರಾಣಿಯ ಮುಖವೊಂದನ್ನೇ ನೋಡುತ್ತಾ ಕೂತೆ. ಮಾವ ನನ್ನತ್ತ ನೋಡುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ತಲೆ ಎತ್ತಲಿಲ್ಲ.

ವ್ಯಾಪಾರಿ ಪಾಸ್. ಮಾವ ಚೀಟಿಗಳ ಮೇಲೆ ಬೆರಳಾಡಿಸಿ, ಅವರೂ ಪಾಸ್. ಲೆಕ್ಚರರ್ ಪಾಸ್. ಮೂವರು ಪಾಸ್ ಎಂದರೆ ಕೊನೆಯ ಬಿಡ್ಡೇ ನಿಲ್ಲುತ್ತದೆ; ಎರಡೇ ಡೈಮನ್ ಇಟ್ಟುಕೊಂಡು ಡೈಮನ್ ತುರುಪಿನಲ್ಲಿ ಆಡುವ ಪಾಡು ನನ್ನದಾಯಿತು.

ಆಡುವ ಜೋಡಿ ನಾವಾದ್ದರಿಂದ ಎದುರಾಳಿ ಮೊದಲ ಎಲೆ ಇಳಿಸುವ ಮುಂಚೆ ನಿಜ ಹೇಳುವುದು ನನ್ನ ಪಾಲಿನ ಕೆಲಸ. ವ್ಯಾಪಾರಿಯ ಬೆರಳು ಆಗಲೇ ಒಂದು ಎಲೆಯನ್ನು ಮುಟ್ಟಿತ್ತು. ಸುತ್ತ ಮಾವನ ಪರಿಚಯದವರೇ. ಈ ಮನುಷ್ಯನ ಮುಂದೆ, ಇಷ್ಟು ಜನರೆದುರು, ನಮ್ಮ ಮಾವ ಹೇಳಿದ್ದು ತಪ್ಪು ಎನ್ನಬೇಕು.

“ಸ್ವಲ್ಪ ತಡೀರಿ,” ಎಂದೆ. ಕೈಯೆತ್ತಿ ತೀರ್ಪುಗಾರರನ್ನು ಕರೆದೆ.

ಮೈಸೂರಿನಿಂದ ಬಂದಿದ್ದ, ಮೆಲುದನಿಯ ಹೆಂಗಸು ಆಕೆ. ನಾನು ನಡೆದದ್ದನ್ನು ಹೇಳಿದೆ: ಈ ಬಿಡ್ಡಿಗೆ ಅಲರ್ಟ್ ಆಗಬೇಕಿತ್ತು, ನಮ್ಮ ಒಪ್ಪಂದದ ಪ್ರಕಾರ ಅದು ಆಟೀನು ತೋರಿಸುತ್ತದೆ. ಆಕೆ ಮಾವನ ಕಡೆ ತಿರುಗಿ, ನಿಮ್ಮಿಬ್ಬರಲ್ಲಿ ಅಂಥ ಒಪ್ಪಂದ ಇದೆಯೇ ಎಂದು ಕೇಳಿದರು.

ಮಾವ ಕೈಯಲ್ಲಿದ್ದ ಎಲೆಗಳನ್ನು ಮಡಿಸಿ ಹಿಡಿದರು. ಪಕ್ಕದ ಮೇಜಿನವರು ಆಟ ನಿಲ್ಲಿಸಿ ಇತ್ತ ನೋಡುತ್ತಿದ್ದರು.

“ಮನೇಲೇ ಮಾತಾಡ್ಕಂಡು ಬರೋದಲ್ವಾ ಸಾವ್ಕಾರ್ರೇ?” ಎಂದರು ವ್ಯಾಪಾರಿ, ನಗುತ್ತಾ.

ಅಂಥ ಒಪ್ಪಂದವೇ ಇಲ್ಲ ಎಂದು ಮಾವ ಒಂದು ಮಾತು ಹೇಳಿದ್ದರೆ ಸಾಕಿತ್ತು. ತಪ್ಪು ಬಿಡ್ ಮಾಡಿ, ಅದನ್ನು ಮುಚ್ಚಿಕೊಳ್ಳಲು ಮಾವನ ಮೇಲೆ ಹಾಕಿದ ಸೊಸೆಯಾಗುತ್ತಿದ್ದೆ ನಾನು. ಹಾಗೆ ಹೇಳಿಬಿಡುತ್ತಾರೇನೋ ಎಂಬ ಭಯದಲ್ಲಿ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ.

“ಒಪ್ಪಂದ ಐತೆ,” ಎಂದರು ಮಾವ, ತೀರ್ಪುಗಾರರನ್ನೇ ನೋಡುತ್ತಾ. “ಅವಳು ಹೇಳಿದ್ದೇ ಸರಿ. ನಂಗೆ ಮರ್ತೋಯ್ತು.”

ಬೇಕಿದ್ದರೆ ಕೊನೆಯ ಪಾಸನ್ನು ಬದಲಾಯಿಸಬಹುದು ಎಂದು ತೀರ್ಪುಗಾರರು ಲೆಕ್ಚರರಿಗೆ ತಿಳಿಸಿದರು. ಅವರು ಯೋಚಿಸಿ, ಬೇಡ ಎಂದರು. ನಾವು ಹಳ್ಳಕ್ಕೆ ಬಿದ್ದಿದ್ದೇವೆಂದು ಅವರಿಗೆ ಗೊತ್ತಾಗಿತ್ತು. ವ್ಯಾಪಾರಿ ಮೊದಲ ಎಲೆ ಇಳಿಸಿದ ಮೇಲೆ, ಆಟದ ನಿಯಮದಂತೆ ಮಾವ ತಮ್ಮ ಎಲೆಗಳನ್ನು ಮೇಜಿನ ಮೇಲೆ ಹರಡಿದರು. ಅದರಲ್ಲಿ ಆಟೀನು ನಾಲ್ಕಿದ್ದವು. ಆಟೀನಿನಲ್ಲಿ ಸುಲಭವಾಗಿ ಗೆಲ್ಲಬಹುದಾಗಿದ್ದ ಕೈ ಡೈಮನ್‌ನಲ್ಲಿ ಕೆಟ್ಟದಾಗಿ ಮುರಿಯಿತು. ಸಂಜೆ ಬಹುಮಾನ ಕೊಡುವಾಗ ನಮ್ಮ ಹೆಸರು ಬರಲಿಲ್ಲ.

ವಾಪಸ್ ಹೊರಟಾಗ ಮಾವ ಕಾರಿನ ಕೀಲಿಯನ್ನು ನನ್ನ ಕೈಗಿಟ್ಟು ಪಕ್ಕದಲ್ಲಿ ಕೂತರು. ಅವರು ಕಾರು ಓಡಿಸಲು ನನಗೆ ಬಿಟ್ಟದ್ದು ಅಪರೂಪ. ಮಾದಿಹಳ್ಳಿಯಲ್ಲಿ ಹಾಲಿನ ಲಾರಿ ಅಡ್ಡ ನಿಂತಿತ್ತು. ಅದು ಸರಿಯುವವರೆಗೂ ಕಾದೆವು. ಹಳೇಬೀಡು ದಾಟಿದ ಮೇಲೆ ನಾನೇ ತಡೆಯಲಾರದೆ, ಬೇಜಾರಾಯಿತೇ ಎಂದು ಕೇಳಿದೆ.

“ಆ ಮನುಷ್ಯನ ಮುಂದೆ ಆಗಿದ್ದಕ್ಕೆ ಬೇಜಾರು. ಬೇಜಾರಿಲ್ಲ ಅಂದ್ರೆ ಸುಳ್ಳಾಗ್ತೈತೆ,” ಎಂದರು. ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಹೇಳಿದರು: “ಡೈಮನ್ ಐತೆ ಅಂದ್ಬಿಟ್ಟೆ ನೋಡು, ಅಂದ ಮೇಲೆ ಯಾಕೋ ಅನುಮಾನ ಬಂತು ಕಣಮ್ಮ. ನಿನ್ನ ಮುಖ ನೋಡ್ದೆ.”

“ಗೊತ್ತಾಯ್ತು ಮಾವ.”

“ನೋಡಬಾರದಿತ್ತು. ನೀನು ತಲೆ ಎತ್ತಿದ್ರೆ ಆಟೀನು ಕೂಗ್ಬಿಡ್ತಿದ್ದೆ.”

ಜಾವಗಲ್‌ನಲ್ಲಿ ಕಾಫಿ ಕುಡಿಯೋಣ ಎಂದೆ. ಮಾವ ಬೇಡ ಎಂದರು.

ಸೋಮವಾರದ ಹೊತ್ತಿಗೆ ಸುದ್ದಿ ಮಂಡಿ ತಲುಪಿ ಅಲ್ಲಿಂದ ಅತ್ತೆಯ ಕಿವಿಗೂ ಬಿತ್ತು. ತುಂಬಿದ ಸಭೆಯಲ್ಲಿ ಸೊಸೆ ಮಾವನ ಮಾತು ತೆಗೆದುಹಾಕಿದಳಂತೆ ಎಂದು ಅವರು ಊಟದ ಹೊತ್ತಿಗೆ ಶುರುಮಾಡಿದರು. ಮಾವ ತಟ್ಟೆಯಿಂದ ಕಣ್ಣೆತ್ತದೆ, ಆಟದಲ್ಲಿ ಹಾಗೆ ಹೇಳಲೇಬೇಕು, ಅವಳು ಹೇಳದಿದ್ದರೆ ನಾನೇ ಆಟ ಬಿಟ್ಟು ಎದ್ದು ಬರುತ್ತಿದ್ದೆ ಎಂದರು. ಅತ್ತೆ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಮುಂದಿನ ಕೆಲವು ಭಾನುವಾರ ಮಾವ ಕ್ಲಬ್ಬಿಗೆ ಹೋಗಲಿಲ್ಲ. ಆ ಒಪ್ಪಂದ ಬಿಟ್ಟುಬಿಡೋಣ ಎಂದು ನಾನೇ ಹೇಳಿ ನೋಡಿದೆ. ಅವರು ಒಪ್ಪಲಿಲ್ಲ. ರಾತ್ರಿ ಊಟವಾದ ಮೇಲೆ ಎಲೆ ತಂದು ಹಜಾರದಲ್ಲಿ ಕೂರುತ್ತಿದ್ದರು, ನನ್ನಿಂದ ಅದೇ ಬಿಡ್ ಮತ್ತೆ ಮತ್ತೆ ಮಾಡಿಸುತ್ತಿದ್ದರು. ಈಗ ಮತ್ತೆ ಕ್ಲಬ್ಬಿಗೆ ಹೋಗುತ್ತಿದ್ದೇವೆ. ಇವತ್ತಿಗೂ ‘ಎರಡು ಡೈಮನ್’ ಚೀಟಿಯನ್ನು ಮೇಜಿನ ಮೇಲಿಟ್ಟ ಕೂಡಲೇ ನಾನು ತಲೆ ತಗ್ಗಿಸುತ್ತೇನೆ. ಎದುರಿನಿಂದ ಆ ಒಂದು ಮಾತು ಕೇಳಿಸುವ ತನಕ ಉಸಿರು ಬಿಡುವುದಿಲ್ಲ.