ತಾವಾಗಿಯೇ ಬಂದು ನಿಲ್ಲುವ ವರಗಳು

ನನ್ನ ಲ್ಯಾಪ್‌ಟಾಪ್ ಬಹಳ ದಿನ ನನ್ನ ಹಾಗೆಯೇ ಏಳುತ್ತಿತ್ತು. ಗುಂಡಿ ಒತ್ತಿದರೆ ಕಣ್ಣು ಬಿಡುತ್ತಿತ್ತು, ಎಚ್ಚರ ಮಾತ್ರ ಆಗುತ್ತಿರಲಿಲ್ಲ. ನಾನು ಚಹಾ ಕುದಿಸಿ, ಸೋಸಿ, ಕುಡಿದು, ಕಪ್ಪು ತೊಳೆದಿಟ್ಟು ಬಂದರೂ ಪರದೆಯ ಮೇಲಿನ ಸಣ್ಣ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಪಾಪ, ವಯಸ್ಸಾಗಿದೆ ಎಂದುಕೊಂಡಿದ್ದೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಮ್ಮಂಥವರು ಯಂತ್ರ ಕೆಟ್ಟರೆ ಕಾರಣ ಹುಡುಕುವುದಿಲ್ಲ, ಕರುಣೆ ತೋರಿಸಿ ಸುಮ್ಮನಾಗುತ್ತೇವೆ.

ಕಾರಣ ಹುಡುಕಿದವಳು ಶಾರದಾ. ಕುಷ್ಟಗಿಯ ಕಡೆಯ ದಾಳಿಂಬೆ ಬೆಳೆಯುವ ಮನೆತನದ ಹುಡುಗಿ. ಆನೆಗೊಂದಿಯಲ್ಲಿ ಬಾಳೆನಾರು ಹೆಣೆಯುವ ಹೆಣ್ಣುಮಕ್ಕಳು ಕೆಲಸದ ನಡುವೆ ಬಳಸುವ ಮಾತುಗಳ ಮೇಲೆ ನನ್ನ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಒಂದು ದಿನ ಕೊಪ್ಪಳದ ನಮ್ಮ ಮನೆಗೆ ಬಂದವಳು ಆ ಚಕ್ರವನ್ನು ನೋಡಿ ನಕ್ಕಳು.

"ಮೇಡಂ, ಇದಕ್ಕೇನೂ ವಯಸ್ಸಾಗಿಲ್ರಿ. ನೀವು ಕರೀದ ಮಂದಿ ಭಾಳ ಬಂದು ಕುಂತಾರ್ರಿ."

ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟಪ್ ಎಂಬ ತಂತ್ರಾಂಶಗಳ ಪಟ್ಟಿಗೆ ಹೋದಳು. ಅಲ್ಲಿ ಕೂತಿದ್ದವರನ್ನು ಕಂಡು ನನಗೆ ನಾಚಿಕೆಯಾಯಿತು. ಎಂದೋ ಒಂದು ಹಾಡು ಕೇಳಲು ಹಾಕಿಕೊಂಡದ್ದು, ಯಾವುದೋ ಸಭೆಗೆಂದು ಹಾಕಿಕೊಂಡದ್ದು, ಗುಜರಿಗೆ ಹೋಗಿ ಎಷ್ಟೋ ಕಾಲವಾದ ಪ್ರಿಂಟರಿನ ಸಹಾಯಕ. ದಿನಾ ಬೆಳಿಗ್ಗೆ ಗುಂಡಿ ಒತ್ತಿದ ಕೂಡಲೇ ಇವರೆಲ್ಲ ನನಗಿಂತ ಮೊದಲು ಎದ್ದು, ಒಳಗೆ ಸಾಲಾಗಿ ಕೂತು, ನನ್ನ ಯಂತ್ರದ ಉಸಿರು ಹೀರುತ್ತಿದ್ದರು. ಶಾರದಾ ಒಂದೊಂದರ ಮೇಲೂ ಒತ್ತಿ ನಿಲ್ಲಿಸಿದಳು. ಅಳಿಸಲಿಲ್ಲ. ಬೇಕಾದಾಗ ನಾವೇ ತೆರೆಯಬಹುದು, ತಾವಾಗಿಯೇ ಏಳುವುದು ಮಾತ್ರ ಬಂದ್.

ಅವಳು ಹೋದ ಮೇಲೆ ನನಗೂ ಹುರುಪು ಬಂತು. ಉಳಿದಿದ್ದವರನ್ನೂ ಒಬ್ಬರನ್ನೂ ಬಿಡದೆ ನಿಲ್ಲಿಸಿದೆ. ಮರುದಿನ ಪ್ರಶ್ನೆಪತ್ರಿಕೆ ಬರೆಯಲು ಕೂತರೆ ಪಂಪಯುಗದ ಬದಲು ಇಂಗ್ಲಿಷ್ ಅಕ್ಷರಗಳ ಜಾತ್ರೆ ಮೂಡಿತು. ಕನ್ನಡ ಟೈಪಿಂಗ್ ತಂತ್ರಾಂಶವನ್ನೂ ಮನೆಯಿಂದ ಹೊರಗೆ ಹಾಕಿದ್ದೆ. ಅದನ್ನು ಮರ್ಯಾದೆಯಿಂದ ಒಳಗೆ ಕರೆದುಕೊಂಡೆ.

ಸ್ಟಾರ್ಟಪ್ ಎಂದರೆ ಶುರು. ಈ ಮಾತು ನಮ್ಮ ಮನೆಯ ದಖನಿ ಉರ್ದುವಿನ ಕಡೆಯಿಂದ ಕನ್ನಡಕ್ಕೆ ಬಂದದ್ದು. ನಮ್ಮ ಜಿಲ್ಲೆಯಲ್ಲಿ ಅದು ಸುರು ಆಗಿ ಎಲ್ಲರ ಬಾಯಲ್ಲೂ ಇದೆ. ಆರಂಭ ಸಂಸ್ಕೃತದ್ದು. ಆದರೆ ಕನ್ನಡದ ಒಕ್ಕಲು ಮಕ್ಕಳು ಅದನ್ನು ಆರಂಬ ಮಾಡಿಕೊಂಡು ಬೇಸಾಯಕ್ಕೇ ಆ ಹೆಸರಿಟ್ಟರು. ಹೊಲದಲ್ಲಿ ತಾನಾಗಿ ಏಳುವುದು ಕಳೆ, ನಾವು ಎಬ್ಬಿಸುವುದು ಬೆಳೆ. ಇದನ್ನು ತರಗತಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅದರ ನಿಜವಾದ ಅರ್ಥ ತಿಳಿಯಲು ಕುಷ್ಟಗಿಗೆ ಹೋಗಬೇಕಾಯಿತು.

ಶಾರದಾಳ ಪಿಎಚ್‌.ಡಿ. ಮೌಖಿಕ ಪರೀಕ್ಷೆ ಆನ್‌ಲೈನ್‌ನಲ್ಲಿ ನಡೆಯುವುದಿತ್ತು. ನೆಟ್‌ವರ್ಕ್ ಚೆನ್ನಾಗಿದೆ ಎಂದು ನಮ್ಮ ಮನೆಯಲ್ಲೇ ಕೂರುವುದೆಂದಾಯಿತು. ಅದಕ್ಕೂ ಮುಂಚೆ ಒಂದು ಮಧ್ಯಾಹ್ನ ತಾಲೀಮು. ಅವಳು ತನ್ನ ಲ್ಯಾಪ್‌ಟಾಪ್ ತೆರೆದು ಮಾತು ಶುರು ಮಾಡಿದಳು, ನಾನು ಪರೀಕ್ಷಕಳಂತೆ ಹುಬ್ಬು ಗಂಟಿಕ್ಕಿ ಕೂತೆ. ಬಾಳೆಯ ದಿಂಡಿನಿಂದ ನಾರು ಎಳೆಯುವ ಚಿತ್ರದ ಮೇಲೆ ಇದ್ದಕ್ಕಿದ್ದಂತೆ ಶಹನಾಯಿ ಮೊಳಗಿತು. ಪರದೆಯ ಮೂಲೆಯಲ್ಲಿ ಕಪ್ಪು ಕನ್ನಡಕದ ಯುವಕನೊಬ್ಬ ಪ್ರತ್ಯಕ್ಷನಾದ. "ನಿಮಗೆ ತಕ್ಕ ಹೊಸ ವರ! ಈಗಲೇ ನೋಡಿ."

ನನಗೆ ನಗು ತಡೆಯಲಾಗಲಿಲ್ಲ. ಶಾರದಾ ನಗಲಿಲ್ಲ.

"ಈ ವರ ಹುಡುಕೂ ಆ್ಯಪ್ ನಮ್ಮ ಅಣ್ಣ ಹಾಕ್ಯಾನ್ರಿ. ನಾ ನಿಲ್ಲಸ್ತೀನಿ, ಅಂವ ಮತ್ತ ಹಚ್ಚತಾನ. ಪರೀಕ್ಷಾದಾಗ ಹಿಂಗ ಬಂದ್ರ ಏನ್ ಗತಿರಿ?"

"ಅಳಿಸಿಬಿಡೋಣ ಕೊಡು," ಎಂದು ಕೈ ಚಾಚಿದೆ.

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು. "ಬ್ಯಾಡ್ರಿ. ಹಚ್ಚಿದಾಂವನ ಕೈಲೇ ತಗಸ್ತೀನಿ. ನೀವೂ ಬರ್ರಿ ಮೇಡಂ, ಸುಮ್ನ ಕುಂದರ್ರಿ ಸಾಕು."

ಅವಳ ಮುಖದಲ್ಲಿ ಅಂಥ ಗಟ್ಟಿತನವನ್ನು ನಾನು ಕಂಡಿರಲಿಲ್ಲ. ಮುಂದಿನ ಭಾನುವಾರ ಬಸ್ಸಿನಲ್ಲಿ ಇಬ್ಬರೂ ಹೋದೆವು. ಅಣ್ಣ ವೀರೇಶ ತೋಟದಲ್ಲಿದ್ದ. ತಂದೆ ಇಲ್ಲದ ಮನೆಯನ್ನು ಹೊತ್ತವನು, ತಂಗಿಯ ಓದಿಗೆ ಎಂದೂ ಅಡ್ಡ ಬಂದವನಲ್ಲ. ಬೇವಿನ ನೆರಳಲ್ಲಿ ಹೊರಸು ಹಾಕಿ, "ಬರ್ರಿ ಶಮೀಮ್ ಮೇಡಂ," ಎಂದು ಕೂರಿಸಿದ. ಶಾರದಾ ಲ್ಯಾಪ್‌ಟಾಪ್ ತೆರೆದು ಅವನ ಮುಂದೆ ಇಟ್ಟಳು. ಶಹನಾಯಿ ಮೊಳಗಿತು.

"ಇದನ್ನ ಯಾಕ ಹಚ್ಚಿದಿ ಅಣ್ಣಾ?"

"ನಿನ್ನ ಸಲುವಾಗೇ ಹಚ್ಚೀನವಾ. ಓದೂದರಾಗ ಮುಳುಗಿಬಿಟ್ಟೀದಿ. ಕಣ್ಣ ಮುಂದ ಬಂದ್ರ ಒಂದಿನಾರ ನೋಡ್ತಿ ಅಂತ." ಅವನು ನನ್ನ ಕಡೆ ತಿರುಗಿದ. "ನೀವ ಹೇಳ್ರಿ ಮೇಡಂ, ಯಾವುದೂ ವ್ಯಾಳ್ಯಾಕ್ಕ ಆದ್ರ ಛಲೋ ಅಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಶಾರದಾ ತೋಟದ ಕಡೆ ಕೈ ತೋರಿಸಿದಳು. ಗಿಡಗಳು ಎಲೆ ಉದುರಿಸಿ ಬೋಳಾಗಿ ನಿಂತಿದ್ದವು.

"ಇವಕ್ಕ ನೀರು ಯಾಕ ಬಿಟ್ಟಿಲ್ಲ?"

"ಬಹಾರ ಹಿಡಿಯೂದೈತಲ್ಲವಾ, ಎಲ್ಲಾ ಗಿಡ ಒಮ್ಮೆಲೇ ಹೂ ಬಿಡಬೇಕು. ಈಗ ನೀರು ಬಿಟ್ರ ಮನಸ್ಸಿಗೆ ಬಂದಂಗ ಹೂ ಬಿಡತಾವ, ಒಂದೂ ಛಲೋ ಕಾಯಿ ಕಟ್ಟೂದಿಲ್ಲ. ಗಿಡಕ್ಕ ದಮ್ ತುಂಬಬೇಕು, ಆಮ್ಯಾಲೆ ನೀರು."

"ಗಿಡದ ವ್ಯಾಳ್ಯಾ ನೀ ನೋಡ್ತಿ. ನನ್ನ ವ್ಯಾಳ್ಯಾ ನಾ ನೋಡಬಾರ್ದೇನು? ಮದುವಿ ಒಲ್ಲೆ ಅಂದಿಲ್ಲ. ಪರೀಕ್ಷಾ ಮುಗೀಲಿ ಅಂದೀನಿ."

ವೀರೇಶ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನಾಳೆ ಮಂದಿ ನನ್ನ ಕೇಳ್ತಾರವಾ, ತಂಗೀದು ಏನ್ ಮಾಡಿದಿ ಅಂತ," ಎಂದ. ದನಿ ಸಣ್ಣದಾಗಿತ್ತು.

"ಕೇಳ್ಲಿ. 'ಆಕಿನ್ನ ಕೇಳ್ರಿ' ಅನ್ನು."

ಅವನು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡ. ಶಾರದಾ ಎಲ್ಲಿ ಒತ್ತಬೇಕೆಂದು ಹೇಳಿಕೊಡಲಿಲ್ಲ. ಅವನಿಗೇ ಗೊತ್ತಿತ್ತು. ನಿಲ್ಲಿಸಿ, "ಪೂರಾ ಅಳಸಿಬಿಡ್ಲೇನು?" ಎಂದು ಕೇಳಿದ.

"ಇರ್ಲಿ ಬಿಡು. ತಾನ ಬರೂದು ನಿಂತ್ರ ಸಾಕು."

ಪರೀಕ್ಷೆಯ ದಿನ ನಾನು ಮಾರ್ಗದರ್ಶಕಿಯಾಗಿ ನನ್ನ ಮಾತು ಮುಗಿಸಿ, ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಶಾರದಾ ಚೆನ್ನಾಗಿಯೇ ಮಾತಾಡುತ್ತಿದ್ದಳು. ನಡುವೆ ಟಿಂಗ್ ಎಂಬ ಸದ್ದಾಯಿತು. ಅವಳು ತಟ್ಟನೆ ಪರದೆಯ ಮೂಲೆ ನೋಡಿದಳು. ಆದರೆ ಸದ್ದು ಪರೀಕ್ಷಕರ ಕಡೆಯದು. "ಕ್ಷಮಿಸಿ, ನನ್ನ ಕಂಪ್ಯೂಟರಿನಲ್ಲಿ ಇದು ತಾನಾಗಿಯೇ ಬರುತ್ತೆ," ಎಂದು ಆ ಹಿರಿಯರು ತಡವರಿಸಿದರು.

"ಅದನ್ನ ನಿಲ್ಲಸಬಹುದ್ರಿ ಸರ್," ಎಂದಳು ಶಾರದಾ. ಹೇಗೆಂದೂ ಹೇಳಿಕೊಟ್ಟಳು. ಅವರು ನಿಲ್ಲಿಸಿ, ನಕ್ಕು, ಮುಂದಿನ ಪ್ರಶ್ನೆ ಕೇಳಿದರು. ಮಧ್ಯಾಹ್ನದ ಊಟಕ್ಕೆ ಕೂರುವಾಗ ಅವಳು ಡಾಕ್ಟರ್ ಶಾರದಾ ಆಗಿದ್ದಳು. ಮೊದಲ ಫೋನು ಅಣ್ಣನಿಗೆ ಹೋಯಿತು. ಅತ್ತ ಅವನು ತೋಟದ ಕೆಲಸದವರಿಗೆಲ್ಲ ಕೂಗಿ ಹೇಳುತ್ತಿದ್ದದ್ದು ನನಗೂ ಕೇಳಿಸಿತು.

ಕೆಲವು ವಾರಗಳ ನಂತರ ಅವಳೇ ನನಗೆ ಫೋನ್ ಮಾಡಿದಳು. "ಮೇಡಂ, ಇವತ್ತ ಆ ವರಗೋಳದು ತಗದು ನೋಡಿದೆ."

"ಯಾರು ತೆಗಿ ಅಂದ್ರು?"

"ಯಾರೂ ಅಂದಿಲ್ರಿ. ನಾನ ತಗದೆ. ಎಲ್ಲಾರೂ ತಮಗ ಎಲ್ಲಾ ಗೊತ್ತೈತಿ ಅಂತ ಬರಕೊಂಡಾರ. ಒಬ್ಬಾಂವ ಮಾತ್ರ, ಅಡಗಿ ಬರೂದಿಲ್ಲ, ಕಲೀತೀನಿ ಅಂತ ಬರದಾನ. ಅಂವಗ ಉತ್ತರ ಬರೀಬೇಕಂತ ಮಾಡೀನ್ರಿ. ಏನ್ ಬರೀಲಿ ಅಂತೀರಿ?"

ಹಿರಿಯಳಾಗಿ, ಮಾರ್ಗದರ್ಶಕಿಯಾಗಿ, ಇಷ್ಟು ವರ್ಷ ಸಂಸಾರ ಮಾಡಿದವಳಾಗಿ ನನ್ನ ಬಾಯ ತುದಿಗೆ ಸಲಹೆಗಳು ತಾವಾಗಿಯೇ ಎದ್ದು ಬಂದವು. ಒಂದೊಂದನ್ನೇ ನಿಲ್ಲಿಸಿದೆ.

"ನಿನಗ ತಿಳದಂಗ ಬರಿಯವ್ವಾ," ಎಂದೆ.