ನೀಲವ್ವನ ಕಾರಣಗಳು

ಮಾಸೂರಿನ ಹಿಟ್ಟಿನ ಗಿರಣಿ ನಡೆಸುವ ನೀಲವ್ವನಿಗೆ, ಕಾರಣವಿಲ್ಲದೆ ಒಂದು ಜೋಳದ ಕಾಳು ನೆಲಕ್ಕೆ ಬೀಳುವುದೂ ಒಪ್ಪಿಗೆಯಿಲ್ಲ. ಕರೆಂಟು ಹೋದರೆ ಬಾಗಿಲಲ್ಲಿ ಯಾರೋ ಸೀನಿದ್ದಾರೆ. ಬೆಲ್ಟು ಹರಿದರೆ ಯಾರೋ ಅದನ್ನು ಹೊಗಳಿ ಕಣ್ಣು ಹಾಕಿದ್ದಾರೆ. ಪಕ್ಕದ ಮನೆಯ ಸಂಜಯನ ಬೈಕು ಪಂಕ್ಚರಾದದ್ದು, ಹೊರಡುವಾಗ ಹೆಂಡತಿ "ಎಲ್ಲಿಗೆ?" ಎಂದು ಕೇಳಿದ್ದಕ್ಕೆ. ರಟ್ಟೀಹಳ್ಳಿಯಲ್ಲಿ ಆಲಿಕಲ್ಲು ಬಿದ್ದರೂ ಮಾಸೂರಿನಲ್ಲಿ ತಪ್ಪು ಮಾಡಿದವರು ಯಾರೆಂದು, ಹುಬ್ಬಿನ ಮೇಲಿನ ಹಿಟ್ಟು ಒರೆಸುತ್ತಲೇ ಹೇಳಬಲ್ಲಳು. ವಿಜ್ಞಾನದ ಮಾಸ್ತರರು ನಕ್ಕರೆ, "ಸುಮ್ಮಸುಮ್ಮನ ಏನೂ ಆಗಂಗಿಲ್ರಿ ಸರ. ನೀವು ಸಾಲ್ಯಾಗ ಕಲಿಸೂದೂ ಅದನ್ನ ಅಲ್ಲೇನ್ರಿ?" ಎಂದು ಅವರನ್ನೂ ತನ್ನ ಕಡೆಗೇ ಎಳೆದುಕೊಳ್ಳುತ್ತಾಳೆ. ಮೊನ್ನೆ ಸಣ್ಣ ಚೀಲದಲ್ಲಿ ಜೋಳ ತಂದಿದ್ದ ಆರು ವರ್ಷದ ಅಂಕಿತಾ, ಹಿಟ್ಟು ಕಟ್ಟಿಕೊಟ್ಟ ಮೇಲೂ ಹೋಗದೆ ನಿಂತಳು. ಅವಳ ಮನೆಯಲ್ಲಿ ಹುಟ್ಟಿದ ಕೂಸು ವಾರ ತುಂಬುವ ಮೊದಲೇ ತೀರಿಕೊಂಡಿತ್ತು. ಗಿರಣಿಯ ಸದ್ದಿನಲ್ಲಿ ಕೇಳಲೋ ಬೇಡವೋ ಎಂಬಂತೆ ಕೇಳಿದಳು: "ಅಜ್ಜಿ, ನಂಗ ತಮ್ಮ ಬ್ಯಾಡ ಅಂತ ನಾ ಅಂದಿದ್ದೆ. ಅದಕ್ಕ ಸತ್ತನೇನು?" ನೀಲವ್ವ ಗಿರಣಿ ನಿಲ್ಲಿಸಿದಳು. ಹಿಟ್ಟಿನ ಕೈಯಲ್ಲೇ ಹುಡುಗಿಯ ಗಲ್ಲ ಹಿಡಿದು, ತಾನು ಎಂದೂ ನಂಬದ ಮಾತನ್ನು ನಂಬಿದವಳಂತೆ ಹೇಳಿದಳು: "ಇಲ್ಲವ್ವಾ. ಒಂದೊಂದು ಸುಮ್ಮಸುಮ್ಮನ ಆಗಿಬಿಡ್ತಾವು."