ಬಾಣಂತಿಗೆ ಬಂದ ಅಂಟಿನುಂಡೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಉಂಡೆ ಬಂದ ಡಬ್ಬಿ ಹಿತ್ತಾಳೆಯದೋ ಸ್ಟೀಲಿನದೋ ಎಂಬುದೇ ನನಗೆ ಖಚಿತವಿಲ್ಲ. ಆದರೆ ನಿನ್ನೆ ಗೋಕಾಕದ ಪೇಟೆಯಲ್ಲಿ, ಯಾರದೋ ಬಾಣಲೆಯ ತುಪ್ಪದಲ್ಲಿ ಅಂಟು ಅರಳುವ ವಾಸನೆ ಬಂದಾಗ ನಿಂತೇಬಿಟ್ಟೆ...

ನಮ್ಮ ಬಾಜೂ ಮನೆಯ ಕಾಕಾ ಕರದಂಟು ಮಾಡುತ್ತಿದ್ದರು. ರಂಜಾನಿನ ರೋಜಾ ಉಪವಾಸ ಇದ್ದ ದಿನ ರುಚಿ ನೋಡುವಂತಿರಲಿಲ್ಲ. ಬೆಲ್ಲದ ಪಾಕದ ಹನಿಯನ್ನು ನೀರಿಗೆ ಬಿಟ್ಟು, ಅದು ಗಟ್ಟಿಯಾಗಿ ತಟ್ಟೆಗೆ ಬಡಿದ ಸದ್ದಿನಲ್ಲೇ ಹದ ಹಿಡಿಯುತ್ತಿದ್ದರು. ಓಣಿಯಲ್ಲಿ ಯಾರು ಹಡೆದರೂ ಅವರ ಮನೆಯಿಂದ ಅಂಟಿನುಂಡೆಯ ಡಬ್ಬಿ ಬರುತ್ತಿತ್ತು.

ಅಕ್ಕ ಹಡೆದ ವರ್ಷ ಕಾಕಾರ ಕಣ್ಣು ಹಳದಿಯಾದವು. ಕುಡಿತ ಎಂದರು ಕೆಲವರು. ಅವರು ಕುಡಿದದ್ದನ್ನು ಕಂಡವರಿರಲಿಲ್ಲ. ನಮ್ಮ ಕಡೆ ಕಾಮಣಿ ಎನ್ನುವ ಕಾಮಾಲೆ ಇಳಿಯಲೆಂದು ಹುಕ್ಕೇರಿ ಕಡೆಯ ಹಳ್ಳಿಯೊಂದರಲ್ಲಿ ಮುಂಗೈಗೆ ಬರೆ ಹಾಕಿಸಿಕೊಂಡು ಬಂದರು. ಆ ಬರೆ ಮಾಯುವ ಮೊದಲೇ ನಮ್ಮ ಬಾಗಿಲಿಗೆ ಡಬ್ಬಿ ತಂದರು.

"ಏನ್ರಿ ಡಾಕ್ಟರ್ ಬಾಯಾರ, ಬಾಣಂತಿ ಹೆಂಗದಾಳ? ಉಂಡಿ ಆಕಿಗಷ್ಟ ಮತ್ತ, ನೀವ ಕದ್ದ ತಿಂದ್ರ ನೋಡ್ರಿ!"

ನಾನಾಗ ವಿಜ್ಞಾನದ ಪದವಿ ಓದುತ್ತಿದ್ದೆ, ಅದಕ್ಕೆ ಆ ಚೇಷ್ಟೆ. ನಕ್ಕು ಡಬ್ಬಿ ಇಸಿದುಕೊಂಡೆ. ಅವರು ಹೋದಮೇಲೆ ಉಂಡೆಗಳನ್ನೆಲ್ಲ ಎಮ್ಮೆಗೆ ಮುಸುರೆ ಇಡುವ ಬಾನಿಗೆ ಸುರಿದೆ.

"ಯವ್ವಾ, ಏನ ಮಾಡಿದಿ ಇದು!" ಎಂದಳು ಅವ್ವ.

"ಕಾಮಣಿ ಹತ್ತತೈತಿ. ನಿನಗೇನ ಗೊತ್ತ? ನಾ ಓದೇನಿ."

ಓಣಿಯ ನಲ್ಲಿಯ ಹತ್ತಿರ ನೀರಿಗೆ ಬಂದವರಿಗೂ ಅದನ್ನೇ ಹೇಳಿದೆ. ಹೇಳಿದವಳು ಓದಿದವಳು, ಓಣಿ ನಂಬಿತು. ಮದುವೆಯ ಆರ್ಡರುಗಳು ನಿಂತವು. ಕಾಕಾರ ಒಲೆ ಆರಿತು.

ಮುಂದೆ ಘಟಪ್ರಭಾದ ಡಾಕ್ಟರರೊಬ್ಬರು ಅವರನ್ನು ಬೆಳಗಾವಿಗೆ ಕಳಿಸಿದರು. ರೋಗದಿಂದ ಕಾಯಬೇಕಾದ ಮೈಯ ಶಕ್ತಿಯೇ ಅವರ ಮೇದೋಜೀರಕ ಗ್ರಂಥಿಯ ಮೇಲೆ, ಪಿತ್ತನಾಳದ ಮೇಲೆ ತಿರುಗಿಬಿದ್ದಿತ್ತಂತೆ. ಕುಡಿತದಿಂದ ಬಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಅಲ್ಲ. ಸ್ಟೆರಾಯ್ಡ್ ಗುಳಿಗೆಗೆ ಕೆಲವೇ ವಾರಗಳಲ್ಲಿ ಕಣ್ಣು ಬೆಳ್ಳಗಾದವು.

ಇದನ್ನು ಹೇಳಲು ಮಾತ್ರ ನಾನು ನಲ್ಲಿಯ ಹತ್ತಿರ ಹೋಗಲಿಲ್ಲ.

ಒಲೆ ಮತ್ತೆ ಹೊತ್ತಲಿಲ್ಲ. ಕಾಕಾ ಮೂಡಲಗಿಯ ಮಗಳ ಮನೆ ಸೇರಿದರು. ಹೋದ ಚಳಿಗಾಲ ಅಲ್ಲೇ ತೀರಿಕೊಂಡರು. ಮಣ್ಣಿಗೂ ನಾನು ಹೋಗಲಿಲ್ಲ.

ಉಂಡೆ ತಂದ ಸಂಜೆಯೇ ಅವರು ಡಬ್ಬಿ ಒಯ್ಯಲು ಹಿತ್ತಲಿಗೆ ಬಂದಿದ್ದರು. ಬರಿದು ಕೊಡಬಾರದೆಂದು ತೊಳೆದ ಡಬ್ಬಿಗೆ ಸಕ್ಕರೆ ಹಾಕಿ ಕೊಟ್ಟೆನೆಂದು ನೆನಪು... ಸಕ್ಕರೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು. ಬಾನಿ ಇದ್ದದ್ದೂ ಹಿತ್ತಲಲ್ಲೇ.

ಅದಕ್ಕೇ ನಿನ್ನೆ ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಕೈಯಲ್ಲಿದ್ದ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು.

"ಕಾಕಾ ಡಬ್ಬಿ ಒಯ್ಯಾಕ ಬಂದಾಗ ಎಮ್ಮಿ ಇನ್ನೂ ಉಂಡಿ ತಿನ್ನಾಕತ್ತಿತ್ತೇನವ್ವಾ?"